ಮುಂದೇನಾಗ್ತದ, ಕಾಕಾ?

ಹುಡುಗನ ಹೆಸರು ಇಲ್ಲಿ ಬರುವುದಿಲ್ಲ. ಅವನ ಊರು, ಶಾಲೆ, ತಾಲೂಕು ಯಾವುದೂ ಬರುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಗುರುತು ಸಿಗುವ ಹಾಗೆ ಬರೆಯೋದೇ ಅಪರಾಧ. ಕಾಯ್ದೆ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ ಬಿಡಿ. ಕಲಬುರಗಿ ಜಿಲ್ಲೆಯ ಹುಡುಗ, ಕೇಸು ಶುರುವಾದಾಗ ಒಂಬತ್ತನೇ ಕ್ಲಾಸು. ಅಷ್ಟು ಸಾಕು. ಕೆಲವು ವಿವರ ಬೇಕಂತಲೇ ಬದಲಿಸಿದ್ದೇನೆ.

ಈ ಕೇಸಿನಲ್ಲಿ ನಾನು ಬೆಂಬಲ ವ್ಯಕ್ತಿ. ಅಂದರೆ ವಕೀಲನಲ್ಲ, ಡಾಕ್ಟರೂ ಅಲ್ಲ. ಮಕ್ಕಳ ಕಲ್ಯಾಣ ಸಮಿತಿ ಒಂದು ಆದೇಶ ಕೊಟ್ಟು ನೇಮಿಸುವ ಮನುಷ್ಯ. ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗಿನಿಂದ ತೀರ್ಪು ಬರುವತನಕ ಮಗುವಿನ ಜೊತೆ ಇರಬೇಕು. ಕೇಸು ಎಲ್ಲಿಗೆ ಬಂತು ಅಂತ ಮನೆಯವರಿಗೆ ತಿಳಿಸುತ್ತಿರಬೇಕು. 2020ರ ಪೋಕ್ಸೊ ನಿಯಮಗಳಲ್ಲಿ ಇದೆಲ್ಲ ಬರೆದಿದೆ. ಬೆಂಬಲ ವ್ಯಕ್ತಿ ಬೇಕೋ ಬೇಡವೋ ಅನ್ನುವುದನ್ನು ತಂದೆತಾಯಿಯ ತಲೆಗೆ ಕಟ್ಟಿ ಬಿಡಬೇಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಖಡಕ್ಕಾಗಿ ಹೇಳಿದೆ. ನುರಿತ ಕೆಲಸಗಾರನಿಗೆ ನಿಗದಿಯಾದ ಕನಿಷ್ಠ ಕೂಲಿಗಿಂತ ಕಡಿಮೆ ಸಂಭಾವನೆ ಕೊಡಬಾರದು ಅಂತಲೂ ನಿಯಮ ಇದೆ. ಅದು ಯಾವಾಗ ಕೈಗೆ ಬರುತ್ತದೆ ಅಂತ ಮಾತ್ರ ಕೇಳಬೇಡಿ.

ನಾನು ಗಂಡಸಾದ್ದರಿಂದ ಹುಡುಗರ ಕೇಸು ಬಂದರೆ ನನಗೇ ಫೋನ್ ಬರುತ್ತದೆ. 'ಹುಡುಗರದ್ದೂ ಕೇಸು ಇರ್ತಾವೇನ್ರಿ?' ಅಂತ ಕೇಳಿದವರು ಬಹಳ ಜನ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ದೊಡ್ಡ ಅಧ್ಯಯನ ಹೊರತಂದಿತ್ತು. ಅದರಲ್ಲಿ ಮಾತಾಡಿದ ಮಕ್ಕಳಲ್ಲಿ 53.22 ಶೇಕಡಾ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರೇ, 52.94 ಶೇಕಡಾ. ಇದನ್ನು ಹೇಳಿದರೆ ಜನ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. 2012ರ ಪೋಕ್ಸೊ ಕಾಯ್ದೆಗೆ ಹುಡುಗ, ಹುಡುಗಿ ಅನ್ನುವ ಭೇದ ಇಲ್ಲ. ಹದಿನೆಂಟರ ಒಳಗಿದ್ದರೆ ಮಗು. ಕಾಯ್ದೆಯ ಮಟ್ಟಿಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಅದನ್ನು ಕೈಯಲ್ಲಿ ಹಿಡಿದುಕೊಂಡವರ ಬಾಯಿಯ ಬಗ್ಗೆ.

ವಿಷಯ ಹೊರಗೆ ಬಂದದ್ದು ಹೀಗೆ. ಹುಡುಗ ಹಾಸ್ಟೆಲ್‌ನಲ್ಲಿದ್ದ. ಪಂಚಮಿ ಹಬ್ಬಕ್ಕೆ ಊರಿಗೆ ಬಂದವನು ವಾಪಸ್ ಹೋಗಲ್ಲ ಅಂದ. ಹೊಡೆದರು, ಬೈದರು, ಹೋಗಲಿಲ್ಲ. ಊರಿನ ಶಾಲೆಗೆ ಹಾಕಿದರು. ಅಲ್ಲಿ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕಿದ ಗೆಳೆಯನ ಮೂಗು ಒಡೆದ. ಸ್ನಾನ ಬಿಟ್ಟ. ರಾತ್ರಿ ಮಲಗುವುದು ಬಿಟ್ಟ. 'ಪೋರ ಕೆಟ್ಟಾನ, ಯಾರದೋ ಸಹವಾಸ' ಅಂತ ಮಾಸ್ತರು ಅಂದರು. ತಾಯಿ ಶರಣಬಸಪ್ಪನ ಗುಡಿಗೂ ಕರೆದೊಯ್ದಳು, ಬಂದೇನವಾಜ್ ದರ್ಗಾಕ್ಕೂ ಕರೆದೊಯ್ದಳು. ತಾಯತವೂ ಆಯಿತು. ಕಡೆಗೆ ಯಾರೋ ಹೇಳಿ ಮನಸ್ಸಿನ ಡಾಕ್ಟರ ಹತ್ತಿರ ಬಂದಳು.

ಆ ಡಾಕ್ಟರು ತಾಯಿಯನ್ನು ಹೊರಗೆ ಕೂಡಿಸಿ ಹುಡುಗನ ಜೊತೆ ಮಾತಾಡಿದರು. ಮೊದಲೇ ಒಂದು ಮಾತು ಹೇಳಿದರಂತೆ: ನೀನು ಹೇಳಿದ್ದನ್ನು ಎಲ್ಲರಿಗೂ ಹೇಳುವುದಿಲ್ಲ, ಆದರೆ ಯಾರಾದರೂ ನಿನಗೆ ತ್ರಾಸು ಕೊಟ್ಟಿದ್ದರೆ ಅದನ್ನು ಮುಚ್ಚಿಡೋಕೆ ನನಗೆ ಬರುವುದಿಲ್ಲ. ಆಮೇಲೆ, 'ಕೆಲವು ಹುಡುಗರಿಗಿ ದೊಡ್ಡವರು ಮೈ ಮುಟ್ಟಿ ತ್ರಾಸ್ ಕೊಟ್ಟಿರ್ತಾರ. ನಿನಗೂ ಹಂಗೇನಾರ ಆಗ್ಯಾದೇನು? ಮಾತಾಡೋದು ಬ್ಯಾಡ, ತಲಿ ಅಲ್ಲಾಡಿಸಿದ್ರ ಸಾಕು' ಅಂದರು. ಹುಡುಗ ತಲೆ ಅಲ್ಲಾಡಿಸಿದ. ತಿಂಗಳುಗಟ್ಟಲೆ 'ಏನಾಗ್ಯಾದ ಬೊಗಳು' ಅಂತ ಕೇಳಿದವರಿಗೆಲ್ಲ ಸಿಗದ ಉತ್ತರ ಅದು.

ಪೋಕ್ಸೊದ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ, ಡಾಕ್ಟರಿಗೂ ವಿನಾಯಿತಿ ಇಲ್ಲ. ತಾಯಿ ಕೈಮುಗಿದಳಂತೆ, 'ಕೇಸು ಬ್ಯಾಡ್ರಿ ಸರಾ, ನಾಳಿ ಇವಂಗ ಹೆಣ್ಣು ಯಾರ್ ಕೊಡ್ತಾರ?' ಅಂತ. ಗಂಡು ಮಗುವಿನ ತಾಯಿಗೂ ಇದೇ ಚಿಂತೆ ನೋಡಿ.

ನಾನು ಹುಡುಗನನ್ನು ಮೊದಲು ನೋಡಿದ್ದು ಸಮಿತಿಯ ಕಚೇರಿಯಲ್ಲಿ. ಬೆಂಚಿನ ತುದಿಗೆ, ಬಾಗಿಲು ಕಾಣುವ ಹಾಗೆ ಕೂತಿದ್ದ. ನಾನು ಪಕ್ಕದಲ್ಲಿ ಕೂಡಲಿಲ್ಲ, ಎದುರಿಗೆ ಸ್ವಲ್ಪ ದೂರ ಕುರ್ಚಿ ಹಾಕಿಕೊಂಡೆ. 'ತಮ್ಮಾ, ಏನಾಯ್ತು ಅಂತ ನಾ ನಿನಗ ಯಾವತ್ತೂ ಕೇಳಂಗಿಲ್ಲ. ಮುಂದ ಏನಾಗ್ತದ ಅನ್ನೋದು ಮಾತ್ರ ಹೇಳ್ತೀನಿ' ಅಂದೆ. ಇದು ನನ್ನ ಒಳ್ಳೆಯತನ ಅಲ್ಲ. ಬೆಂಬಲ ವ್ಯಕ್ತಿ ಘಟನೆಯ ಬಗ್ಗೆ ಕೆದಕಿದರೆ, ನಾಳೆ ಕೋರ್ಟಿನಲ್ಲಿ 'ಹುಡುಗನಿಗೆ ಹೇಳಿಕೊಟ್ಟಿದ್ದಾರೆ' ಅನ್ನಲು ಎದುರಿನವರಿಗೆ ದಾರಿಯಾಗುತ್ತದೆ. ಅವನಿಗೆ ಈ ಕಾರಣವನ್ನೂ ಹೇಳಿದೆ. ಅವನು ಬಹಳ ಹೊತ್ತು ಬಿಟ್ಟು ಕೇಳಿದ, 'ಮುಂದೇನಾಗ್ತದ?'

ಅಲ್ಲಿಂದ ಇದೇ ನಮ್ಮಿಬ್ಬರ ಕೆಲಸ ಆಯಿತು. ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಹಂತಕ್ಕೂ ಒಂದು ಪುಟ. ಯಾವ ಆಫೀಸು, ಒಳಗೆ ಯಾರ್ಯಾರು ಇರುತ್ತಾರೆ, ಏನು ಕೇಳುತ್ತಾರೆ, ಯಾವುದಕ್ಕೆ ಒಲ್ಲೆ ಅನ್ನಬಹುದು, ಊಟ ಎಲ್ಲಿ, ಬಸ್ಸು ಎಷ್ಟೊತ್ತಿಗೆ. ಅವನು ಓದಿ ಪೆನ್ನಿನಿಂದ ಟಿಕ್ ಹಾಕುತ್ತಿದ್ದ. ತಿಳಿಯದ ಕಡೆ ಸುತ್ತು ಹಾಕುತ್ತಿದ್ದ. ಇಂಥ ಮಕ್ಕಳ ಮೈಮೇಲೆ ಬೇರೆಯವರ ಹಿಡಿತ ನಡೆದಿರುತ್ತದೆ. ಆಮೇಲೆ ಆಸ್ಪತ್ರೆ, ಸ್ಟೇಷನ್, ಕೋರ್ಟು ಎಲ್ಲ ಕಡೆಯೂ ಬಾ, ಕೂಡು, ಹೇಳು, ಅಂಗಿ ಬಿಚ್ಚು. ಮುಂದೆ ಏನು ಅಂತ ಮೊದಲೇ ಗೊತ್ತಿದ್ದರೆ ಅಷ್ಟಾದರೂ ಹಿಡಿತ ಅವನ ಕೈಗೆ ಬರುತ್ತದೆ. ನಾನು ಈ ಕೆಲಸದಲ್ಲಿ ನಂಬುವುದು ಇದೊಂದನ್ನೇ.

ಪೊಲೀಸ್ ಹೇಳಿಕೆ ಅವನ ಸೋದರಮಾವನ ಮನೆಯಲ್ಲಿ ಆಯಿತು. ಮಗು ಇಷ್ಟಪಟ್ಟ ಜಾಗದಲ್ಲಿ ಬರೆದುಕೊಳ್ಳಬೇಕು, ಯೂನಿಫಾರಂ ಹಾಕಿರಬಾರದು, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಇರಬೇಕು ಅಂತ 24ನೇ ಸೆಕ್ಷನ್ ಹೇಳುತ್ತದೆ. ಬಂದ ಮೇಡಂ ಚೂಡಿದಾರದಲ್ಲೇ ಬಂದಿದ್ದರು. ಮೆದು ಮಾತು. ಆದರೂ ಹುಡುಗನ ಬಾಯಿ ಕಟ್ಟಿಹೋಯಿತು. ತಾಯಿ ವಯಸ್ಸಿನ ಹೆಂಗಸಿನ ಮುಂದೆ ಆ ಮಾತು ಆಡುವುದು ಹೇಗೆ? ಹಾಗಂತ ಗಂಡು ಪೊಲೀಸರು ಬರಲಾ ಅಂತ ಕೇಳಿದರೆ ಅದಕ್ಕೂ ಬೇಡ ಅಂತ ತಲೆ ಅಲ್ಲಾಡಿಸಿದ. ಹುಡುಗರ ಕೇಸಿನಲ್ಲಿ ಈ ಬಿಕ್ಕಟ್ಟು ಯಾವಾಗಲೂ ಬರುತ್ತದೆ. ಹೆಂಗಸು ಅಂದರೆ ಸುರಕ್ಷಿತ ಅಂತ ನಿಯಮ ಬರೆದವರು ಅಂದುಕೊಂಡಿದ್ದಾರೆ. ಹುಡುಗನಿಗೆ ಹೆಂಗಸಿನ ಮುಂದೆ ನಾಚಿಕೆ, ಗಂಡಸಿನ ಮುಂದೆ ಭಯ.

ಆ ಮೇಡಂ ಬುದ್ಧಿವಂತೆ. 'ನನ್ ಕಡಿ ನೋಡಬ್ಯಾಡ. ಮಾವನ ಕಡಿ ಮುಖ ಮಾಡಿ ಹೇಳು, ನಾ ಕೇಳಿ ಬರ್ಕೋತೀನಿ' ಅಂದರು. ಹುಡುಗ ಚಾಪೆಯ ಮೇಲೆ ಅವರಿಗೆ ಬೆನ್ನು ಮಾಡಿ ಕೂತ. ತಾಯಿಗೆ ಹೊರಗೆ ಹೋಗು ಅಂದ. ಹೋದಳು, ಪಾಪ. ಮಾವನ ಬನಿಯನ್ನಿನ ಮೇಲೆ ಕಣ್ಣಿಟ್ಟು ಹೇಳಿದ. ತಂದೆತಾಯಿಯೇ ಇರಬೇಕಂತಿಲ್ಲ, ಮಗು ನಂಬುವ ಯಾರಾದರೂ ಇರಬಹುದು ಅಂತ 26ನೇ ಸೆಕ್ಷನ್‌ನಲ್ಲಿದೆ. ಮೇಡಂ ಇನ್ನೊಂದು ದೊಡ್ಡ ಉಪಕಾರ ಮಾಡಿದರು. ಹುಡುಗ ಆಡಿದ ಕಲಬುರಗಿ ಮಾತನ್ನು ಹಾಗೇ ಬರೆದರು. ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಮಗು ಒಂದು ಹೇಳುತ್ತದೆ, ಕಾಗದದ ಮೇಲೆ 'ಸದರಿ ಆರೋಪಿಯು ನನ್ನನ್ನು ಪುಸಲಾಯಿಸಿ' ಅಂತ ಮೂಡುತ್ತದೆ. ವರ್ಷ ಬಿಟ್ಟು ವಕೀಲರು 'ಪುಸಲಾಯಿಸಿ ಅಂದರೇನು ಹೇಳು' ಅಂತಾರೆ. ಮಗು ಪಿಳಿಪಿಳಿ ನೋಡುತ್ತದೆ.

ಆಸ್ಪತ್ರೆಯ ಮಾತು ಬೇಗ ಮುಗಿಸುತ್ತೇನೆ, ಅಲ್ಲಿ ನಡೆದದ್ದು ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಚೀಟಿ ಬರೆಯುವವನು ಕೇಸು ಏನು ಅಂತ ಸಾಲಿನಲ್ಲೇ ಗಟ್ಟಿಯಾಗಿ ಕೇಳಿದ. ವಾರ್ಡಿನ ಒಬ್ಬಾಕೆ 'ಗಂಡ್ ಹುಡುಗ, ಇವನಿಗೇನ್ ಆಗ್ತದ ಬಿಡ್ರಿ' ಅಂದಳು. ಹುಡುಗನ ಕಿವಿಗೆ ಬಿತ್ತು. ತುಂಬಬೇಕಾದ ಫಾರಂನಲ್ಲಿ ಮುಟ್ಟಿನ ವಿವರ ಕೇಳುವ ಸಾಲುಗಳೇ ತುಂಬಾ ಇದ್ದವು. ಗಂಡು ಮಗುವಿಗೆ ಅಂತ ಒಂದು ಚಿತ್ರವೂ ಇರಲಿಲ್ಲ.

ಪರೀಕ್ಷೆ ಮಾಡಿದ ಕಿರಿಯ ಡಾಕ್ಟರು ಮಾತ್ರ ಕೆಲಸ ಬಲ್ಲವರು. ಹನ್ನೆರಡು ದಾಟಿದ ಮಗುವಿನ ಒಪ್ಪಿಗೆಯನ್ನೇ ಕೇಳಬೇಕು, ಕೇಳಿದರು. ಯಾವ ಭಾಗ ನೋಡುತ್ತೇನೆ, ಯಾಕೆ ನೋಡುತ್ತೇನೆ ಅಂತ ಒಂದೊಂದೇ ಹೇಳಿ, 'ಸಾಕು ಅಂದ್ರ ಅಲ್ಲೇ ನಿಲ್ಲಸ್ತೀನಿ' ಅಂದರು. ಒಂದು ಸಲ ಸಾಕು ಅಂದ, ನಿಲ್ಲಿಸಿದರು. ಆಮೇಲೆ ಅವನೇ ಮುಂದುವರಿಸಿ ಅಂದ. ಘಟನೆ ಆಗಿ ಬಹಳ ದಿನ ಆಗಿತ್ತು, ಗಾಯ ಏನೂ ಕಾಣಲಿಲ್ಲ. ಗಾಯ ಕಾಣದಿದ್ದ ಮಾತ್ರಕ್ಕೆ ಏನೂ ನಡೆದಿಲ್ಲ ಅಂತಲ್ಲ, ಅದನ್ನು ರಿಪೋರ್ಟಿನಲ್ಲೂ ಬರೆದರು. ಇನ್ನೊಂದು ವಿಷಯ ಓದುವವರಿಗೆ ಗೊತ್ತಿರಲಿ. ತಕ್ಷಣ ಗೊತ್ತಾದರೆ ಕಾಯಬಾರದು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯ ಒಳಗೆ ಶುರುವಾಗಬೇಕು, 28 ದಿನ ನುಂಗಬೇಕು. ಪೊಲೀಸ್ ಚೀಟಿ ತಂದರೇ ನೋಡ್ತೀವಿ ಅಂತ ಯಾವ ಡಾಕ್ಟರೂ ಅನ್ನುವ ಹಾಗಿಲ್ಲ. ಖಾಸಗಿ ಆಸ್ಪತ್ರೆಯವರೂ ಚಿಕಿತ್ಸೆಯನ್ನು ಪುಕ್ಕಟೆ ಕೊಡಬೇಕು, ಈಗ ಅದು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 397ನೇ ಸೆಕ್ಷನ್.

ಕೌನ್ಸೆಲಿಂಗ್ ಅಂದರೆ ಬುದ್ಧಿವಾದ ಅಂತ ನಮ್ಮ ಕಡೆ ತಿಳಿದಿದ್ದಾರೆ. ಮೊದಲು ಹುಡುಗನೂ ಹಾಗೇ ತಿಳಿದಿದ್ದ. ಆದರೆ ಆ ಕೌನ್ಸೆಲರ್ ಸರ್ ಮೊದಮೊದಲು ಘಟನೆಯ ಸುದ್ದಿಗೇ ಹೋಗಲಿಲ್ಲ. ಯಾವ ಕುರ್ಚಿ ಬೇಕು ಅಂತ ಕೇಳಿದರು. ಬಾಗಿಲು ತೆರೆದಿಡಲಾ, ಮುಚ್ಚಲಾ ಅಂತ ಕೇಳಿದರು. ನಿದ್ದೆ ಹೇಗೆ, ಊಟ ಹೇಗೆ ಅಂತ ಕೇಳಿದರು. ಹಳೆಯದು ಒಮ್ಮೆಲೇ ಕಣ್ಣ ಮುಂದೆ ಬಂದಾಗ ಮೈ ನಡುಗುತ್ತದಲ್ಲ, ಆಗ ಏನು ಮಾಡಬೇಕು ಅನ್ನುವುದು ಮೊದಲ ಪಾಠ. ಪಾದ ನೆಲಕ್ಕೆ ಒತ್ತಬೇಕು, ಕಾಣುವ ವಸ್ತುಗಳ ಹೆಸರು ಹೇಳಬೇಕು, ಉಸಿರು ನಿಧಾನ ಬಿಡಬೇಕು. ವಸ್ತುಗಳ ಹೆಸರು ಇವನಿಗೆ ಹಿಡಿಸಲಿಲ್ಲ. ಇವನಿಗೆ ರೈಲಿನ ಹುಚ್ಚು. ತಾನೇ ಒಂದು ದಾರಿ ಮಾಡಿಕೊಂಡ: ವಾಡಿ, ಶಹಾಬಾದ್, ಮರತೂರ, ಹಿರೇನಂದೂರ, ಕಲಬುರಗಿ. ಕಲಬುರಗಿ ಬರುವ ಹೊತ್ತಿಗೆ ಎದೆ ಬಡಿತ ಇಳಿಯದಿದ್ದರೆ ಮತ್ತೆ ವಾಡಿಯಿಂದ ಹೊರಡುತ್ತಿದ್ದ.

ಆಮೇಲೆ ನಿಜವಾದ ಗಂಟು ಬಿಚ್ಚಿತು. ಇದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ, ಬೇರೆ ಹುಡುಗರಿಗೆ ಗೊತ್ತಾಗಲಿ ಅಂತ. ಆ ಹೊತ್ತಿನಲ್ಲಿ ತನ್ನ ಮೈ ಸ್ಪಂದಿಸಿತ್ತು, ಹಾಗಾದರೆ ತನಗೂ ಅದು ಬೇಕಿತ್ತೇನೋ ಅನ್ನುವ ಭಯ ಅವನನ್ನು ಒಳಗೇ ತಿನ್ನುತ್ತಿತ್ತು. ಪೊಲೀಸರಿಗಿಂತ, ಕೋರ್ಟಿಗಿಂತ ಇದೇ ದೊಡ್ಡ ಭಯ. ಕೌನ್ಸೆಲರ್ ಸರ್ ಕೇಳಿದರಂತೆ, 'ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣಾಗ ನೀರ್ ಬರ್ತಾವ. ನೀ ದುಃಖದಾಗಿದ್ದಿ ಅಂತ ಯಾರಾರ ಅಂತಾರೇನು?' ಮೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತದೆ, ಅದು ಒಪ್ಪಿಗೆ ಅಲ್ಲ. ಭಯಕ್ಕೂ ಹಾಗೆ ಆಗುವುದುಂಟು. ಹೊರಗೆ ಬಂದು ನನಗೆ ಇಷ್ಟೇ ಹೇಳಿದ: 'ಕಾಕಾ, ಉಳ್ಳಾಗಡ್ಡಿ ಮಾತು ಖರೇ ಅದ ನೋಡ್ರಿ.' ಆ ದಿನದಿಂದ ನಾನು ಸರ್ ಹೋಗಿ ಕಾಕಾ ಆದೆ. ನಾನೂ ಹೀಗೇ ಕೆಟ್ಟವನಾಗುತ್ತೀನಾ, ಹುಡುಗರ ಕಡೆಗೇ ಮನಸ್ಸು ಹೋಗುತ್ತದಾ ಅನ್ನುವ ಪ್ರಶ್ನೆಗಳೂ ಇದ್ದವು. ದೌರ್ಜನ್ಯದಿಂದ ಯಾರ ಒಲವೂ ಬದಲಾಗುವುದಿಲ್ಲ, ಅನುಭವಿಸಿದವರೆಲ್ಲ ಅಂಥವರೇ ಆಗುವುದೂ ಇಲ್ಲ. ಇದನ್ನು ಅವನು ಮತ್ತೆ ಮತ್ತೆ ಕೇಳಿದ, ಅವರು ಮತ್ತೆ ಮತ್ತೆ ಹೇಳಿದರು.

ತಂದೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ಈ ಭಾಗದ ಎಷ್ಟೋ ಮನೆಗಳ ಹಾಗೆ ಅವನೂ ಫೋನಿನಲ್ಲಿಯೇ ತಂದೆ. ಮೊದಲ ಫೋನಿನಲ್ಲೇ, 'ಗಂಡಸಾಗಿ ತಿರುಗಿ ಒಂದು ಏಟು ಹೊಡೀಲಿಕ್ಕಾಗ್ಲಿಲ್ಲೇನು?' ಅಂದ. ಹುಡುಗ ಫೋನು ಎಸೆದ. ತಂದೆಯನ್ನು ನಾನು ಬೈಯಲಿಲ್ಲ. ಸುಮ್ನೆ ಒಂದು ದಿನದ ಮಟ್ಟಿಗೆ ಬಾ ಅಂದೆ, ಕೌನ್ಸೆಲರ್ ಹತ್ತಿರ ಕೂಡಿಸಿದೆ. ದೊಡ್ಡ ಅಪಾಯ ಬಂದಾಗ ಮೈ ಓಡಬಹುದು, ಹೊಡೆದಾಡಬಹುದು, ಇಲ್ಲವೆ ಮರಗಟ್ಟಿ ನಿಲ್ಲಬಹುದು. ಯಾವುದು ಅಂತ ನಾವು ಆರಿಸಿಕೊಳ್ಳುವುದಿಲ್ಲ ಅಂತ ಅವರು ವಿವರಿಸಿದರು. ಆಗ ಅವನು ಒಂದು ಸಂಗತಿ ಹೇಳಿದ. ಸೈಟಿನಲ್ಲಿ ಜೊತೆಯವನು ಮೇಲಿಂದ ಬಿದ್ದಾಗ ಕೈಯಲ್ಲಿ ಹಗ್ಗ ಇದ್ದರೂ ತಾನು ಕಂಬದ ಹಾಗೆ ನಿಂತಿದ್ದೆ ಅಂತ. ಮುಂದೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮಗನ ಹತ್ತಿರ ಕ್ಷಮೆ ಗಿಮೆ ಕೇಳಲಿಲ್ಲ ಅನ್ನಿ. ಸೂಪರ್ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ ಬೂಟು ಕೊಡಿಸಿದ.

ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ಹಳೆಯ ಸಿಆರ್‌ಪಿಸಿಯ 164, ಈಗಿನ ಬಿಎನ್‌ಎಸ್‌ಎಸ್‌ನ 183, ಸಲೀಸಾಗಿ ಆಯಿತು. ಕೋರ್ಟು ಸಲೀಸಲ್ಲ.

ವಯಸ್ಸಿನಿಂದಲೇ ತೊಡಕು ಶುರು. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ನಮ್ಮ ಹಳ್ಳಿಗಳಲ್ಲಿ ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ, ಮಾಸ್ತರು ಬರೆದದ್ದೇ ಜಾತಕ. ಎದುರಿನ ವಕೀಲರು ಅದನ್ನೇ ಹಿಡಿದರು. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಇಲ್ಲವೆ ಹತ್ತನೇ ಕ್ಲಾಸಿನ ಸರ್ಟಿಫಿಕೇಟು ಮೊದಲು, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಒಂಬತ್ತನೇ ಕ್ಲಾಸಿನ ಹುಡುಗ ಹದಿನೆಂಟು ದಾಟಿರಲು ಸಾಧ್ಯವೇ ಅಂತ ಕೇಳುವ ಹಾಗಿತ್ತು, ಆದರೂ ಹೆಡ್‌ಮಾಸ್ತರು ರಿಜಿಸ್ಟರು ಹೊತ್ತುಕೊಂಡು ಬರಬೇಕಾಯಿತು.

ಸಾಕ್ಷಿ ಹೇಳುವ ಮೊದಲು ಕೋರ್ಟ್ ಹಾಲ್ ಖಾಲಿ ಇದ್ದಾಗ ಅವನಿಗೆ ತೋರಿಸಲು ಪರವಾನಗಿ ಕೇಳಿದೆ, ಸಿಕ್ಕಿತು. ಜಡ್ಜ್ ಎಲ್ಲಿ, ಸರ್ಕಾರಿ ವಕೀಲರು ಎಲ್ಲಿ, ಟೈಪು ಮಾಡುವವರು ಎಲ್ಲಿ, ಆರೋಪಿ ಕಾಣದ ಹಾಗೆ ಹಾಕುವ ಪರದೆ ಎಲ್ಲಿ. ಕುರ್ಚಿಯಲ್ಲಿ ಕೂತು ನೋಡಿದ. ಸರ್ಕಾರಿ ವಕೀಲರು ಇವನ ರೈಲಿನ ಹುಚ್ಚು ಕೇಳಿ, 'ಮರತೂರ ಅಂದ್ರ ಸಣ್ಣ ಸ್ಟೇಷನ್ ಅನ್ಕೋಬ್ಯಾಡ, ಒಂಬೈನೂರು ವರ್ಷದ ಹಿಂದ ವಿಜ್ಞಾನೇಶ್ವರ ಅಂತ ದೊಡ್ಡ ಕಾನೂನು ಪಂಡಿತ ಇದ್ದ ಊರದು' ಅಂದರು. ಅಂದಿನಿಂದ ಮರತೂರ ಬಂದಾಗ ಒಂದು ಕ್ಷಣ ಜಾಸ್ತಿ ನಿಲ್ಲುತ್ತೀನಿ ಅಂತ ಹುಡುಗ ನನಗೆ ಹೇಳಿದ್ದುಂಟು.

ಸಾಕ್ಷಿಯ ತಾರೀಖು ಬಂತು, ಮುಂದಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಕೋರ್ಟು ಕೇಸು ಕೈಗೆತ್ತಿಕೊಂಡ 30 ದಿನದಲ್ಲಿ ಮಗುವಿನ ಸಾಕ್ಷಿ ಮುಗಿಯಬೇಕು, ವರ್ಷದೊಳಗೆ ವಿಚಾರಣೆ ಮುಗಿಯಬೇಕು ಅಂತ 35ನೇ ಸೆಕ್ಷನ್ ಹೇಳುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಅನ್ನುವ ಮಾತೂ ಅದರಲ್ಲೇ ಇದೆ, ಎಲ್ಲ ಸೋರಿಹೋಗುವುದು ಅಲ್ಲೇ. ಪ್ರತಿ ಸಲ ಹಿಂದಿನ ರಾತ್ರಿ ಅವನಿಗೆ ನಿದ್ದೆ ಇಲ್ಲ. ಎರಡು ಗಂಟೆಗೆ ನನಗೆ ಫೋನು. ನಾನು ಎತ್ತದಿದ್ದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆದುಕೊಟ್ಟಿದ್ದೆ.

ಒಳಗೆ ಪರದೆ ಇದ್ದರೆ ಏನು ಬಂತು, ಹೊರಗಿನ ವರಾಂಡ ಒಂದೇ. ಕುಡಿಯುವ ನೀರಿನ ನಲ್ಲಿ ಒಂದೇ. ಆರೋಪಿ ಜಾಮೀನಿನ ಮೇಲಿದ್ದ, ಅವನೂ ಅಲ್ಲೇ ಓಡಾಡುತ್ತಿದ್ದ. ಒಂದು ತಾರೀಖಿನಲ್ಲಿ ಹುಡುಗ ಮೂತ್ರಕ್ಕೆ ಹೋದಾಗ ಅವನು ಅಲ್ಲೇ ನಿಂತಿದ್ದ. ಹುಡುಗ ವಾಪಸ್ ಬಂದ, ಮುಖ ಬಿಳಿಚಿತ್ತು, ಆ ದಿನವಿಡೀ ನೀರು ಮುಟ್ಟಲಿಲ್ಲ. ನಾನು ಬರವಣಿಗೆಯಲ್ಲಿ ಅರ್ಜಿ ಕೊಟ್ಟೆ. ಮುಂದಿನ ಸಲದಿಂದ ಹಿಂದಿನ ಬಾಗಿಲಿನಿಂದ ಕರೆಸಿಕೊಂಡು ಸಿಬ್ಬಂದಿಯ ಕೋಣೆಯಲ್ಲಿ ಕೂಡಿಸಿದರು. ಕೇಳಿದರೆ ಮಾಡುತ್ತಾರೆ. ಆದರೆ ಪ್ರತಿ ಸಲವೂ ಕೇಳಬೇಕು.

ಸಾಕ್ಷಿಯ ದಿನ ಬಾಗಿಲು ಹಾಕಿದರು. ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಕೇಳುವ ಹಾಗಿಲ್ಲ, ಜಡ್ಜ್‌ಗೆ ಹೇಳಬೇಕು, ಜಡ್ಜ್ ಮಗುವಿಗೆ ಕೇಳಬೇಕು. ಇದು 33ನೇ ಸೆಕ್ಷನ್. ಎದುರಿನ ವಕೀಲರು ಮೊದಲು ರೂಢಿಯಂತೆ ಹುಡುಗನ ಕಡೆಗೇ ತಿರುಗಿದರು, ಜಡ್ಜ್ ಕೈ ಎತ್ತಿ ತಡೆದರು. 'ಯಾಕೆ ಕೂಗಲಿಲ್ಲ? ಪಕ್ಕದ ಕೋಣೆಯಲ್ಲಿ ಹುಡುಗರಿದ್ದರಲ್ಲ?' ಅನ್ನುವ ಪ್ರಶ್ನೆ ಜಡ್ಜ್ ಬಾಯಿಂದ ಬರುವಾಗ, 'ಆಗ ನಿನಗೆ ಏನನ್ನಿಸ್ತು, ಏನು ಮಾಡಿದಿ?' ಅಂತ ಬಂತು. ಒಂದೇ ವಿಷಯ. ಆದರೆ ಮೊದಲನೆಯದರಲ್ಲಿ ತಪ್ಪು ಹುಡುಗನದ್ದು. ಅವನು ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿದ. ವಾಡಿಯಿಂದ ಹೊರಟಿದ್ದಾನೆ ಅಂತ ನನಗೊಬ್ಬನಿಗೇ ಗೊತ್ತು. 'ಕೂಗಿದ್ರ ಹುಡುಗರಿಗೆಲ್ಲಾ ಗೊತ್ತಾಗ್ತಿತ್ರಿ. ಗಂಡ್ಸಲ್ಲ ಅಂತಿದ್ರು' ಅಂದ. ಟೈಪು ಮಾಡುತ್ತಿದ್ದ ಹೆಣ್ಣುಮಗಳು ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ಟೈಪು ಮಾಡಿದಳು. ತಡವಾಗಿ ಯಾಕೆ ಹೇಳಿದಿ ಅನ್ನುವುದಕ್ಕೂ ಹೆಚ್ಚು ಕಡಿಮೆ ಅದೇ ಉತ್ತರ. ನಡುವೆ ಎರಡು ಸಲ ಬಿಡುವು ಕೇಳಿದ, ಕೊಟ್ಟರು. ನೋಟ್‌ಬುಕ್ಕಿನಲ್ಲಿ 'ಬಿಡುವು ಕೇಳಬಹುದು' ಅನ್ನುವ ಸಾಲಿಗೆ ಅವನು ಟಿಕ್ ಹಾಕಿದ್ದ.

ಹೊರಗೆ ಬಂದು ಮಿರ್ಚಿ ಭಜಿ ತಿಂದೆವು. ತಂದೆ, ಮಾವ, ನಾನು, ಅವನು. ಯಾರೂ ಕೇಸಿನ ಸುದ್ದಿ ಎತ್ತಲಿಲ್ಲ.

ಪರಿಹಾರದ ಹಣದ್ದು ಬೇರೆಯದೇ ಗೋಳು. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರ ಕೊಡಿಸಲು ವಿಶೇಷ ಕೋರ್ಟಿಗೆ ಅಧಿಕಾರ ಇದೆ. ತೀರ್ಪಿಗೆ ಕಾಯಬೇಕಿಲ್ಲ, ಬಹಳ ಜನಕ್ಕೆ ಇದೇ ಗೊತ್ತಿಲ್ಲ. ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ವಾರದೊಳಗೆ ಹಣ ಕೊಡಬೇಕು ಅಂತಲೂ ನಿಯಮ ಇದೆ. ನಾವು ಕಾಗದ ಹಿಡಿದು ಹೋದ ಕಚೇರಿಯಲ್ಲಿ ಗುಮಾಸ್ತರು ಯೋಜನೆಯ ಹೆಸರು ತೋರಿಸಿ, 'ಇದು ಹೆಣ್ಮಕ್ಕಳದು ರೀ, ನಿಮ್ಮದು ಗಂಡ್ ಹುಡುಗಂದು' ಅಂದರು. ಹೆಸರು ನೋಡಿದರೆ ಅವರ ಮಾತೂ ಸುಳ್ಳಲ್ಲ, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ಮಾಡಿದ ಆ ಯೋಜನೆ ಮಹಿಳಾ ಸಂತ್ರಸ್ತರ ಹೆಸರಿನಲ್ಲೇ ಇದೆ. ಆದರೆ ಪೋಕ್ಸೊ ಮಕ್ಕಳಿಗೂ ಅದನ್ನೇ ಮಾರ್ಗಸೂಚಿಯಾಗಿ ಬಳಸಿ, ಹುಡುಗ ಹುಡುಗಿ ಭೇದ ಬೇಡ ಅಂತ ಅದೇ ವರ್ಷ ನಿಪುಣ್ ಸಕ್ಸೇನಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಆದೇಶದ ಪ್ರತಿ ಈಗ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಓದಿ ನೋಡಿ ಅಂತ ಕೊಟ್ಟೆ. ಓದಿದರು, 'ಹಾಂ ಬಿಡ್ರಿ, ತಗೋತೀನಿ' ಅಂದರು. ಕೆಟ್ಟ ಮನುಷ್ಯ ಅಲ್ಲ. ಅವರ ಟೇಬಲ್ಲಿಗೆ ಹುಡುಗನ ಅರ್ಜಿ ಅದೇ ಮೊದಲು ಬಂದಿತ್ತು, ಅಷ್ಟೇ.

ಹಣ ಹುಡುಗನ ಖಾತೆಗೆ ಬಂತು. ಕೇಸು ಇನ್ನೂ ನಡೆಯುತ್ತಿದೆ, ತನಿಖಾಧಿಕಾರಿಯ ಸಾಕ್ಷಿ ಬಾಕಿ. ಹುಡುಗ ಹತ್ತನೇ ಕ್ಲಾಸು ಪಾಸಾಗಿ ಐಟಿಐ ಸೇರಿದ್ದಾನೆ, ರೈಲ್ವೆ ಕೆಲಸಕ್ಕೆ ಅದೇ ದಾರಿ ಅಂತ ಯಾರೋ ಹೇಳಿದ್ದಾರೆ. ಕೌನ್ಸೆಲಿಂಗ್‌ಗೆ ಈಗ ಅಪರೂಪಕ್ಕೆ ಹೋಗುತ್ತಾನೆ. ಜನಸಂದಣಿಯ ಬಸ್ಸು ಇನ್ನೂ ಆಗುವುದಿಲ್ಲ, ಒಂದು ಗಂಟೆ ಕಾದರೂ ಖಾಲಿ ಬಸ್ಸೇ ಬೇಕು.

ಈಗ ನನ್ನ ತಲೆ ತಿನ್ನುತ್ತಿರುವುದು ಬೇರೆ ಕೇಸು. ಡಿಗ್ರಿ ಓದುವ ಇನ್ನೊಬ್ಬ ಹುಡುಗ, ವಯಸ್ಸು ಹತ್ತೊಂಬತ್ತು. ಯಾರಿಂದಲೋ ನನ್ನ ನಂಬರು ತೆಗೆದುಕೊಂಡು ಫೋನು ಮಾಡಿದ. ಪಿಯುಸಿ ಮೊದಲ ವರ್ಷದಿಂದ ಒಬ್ಬನೇ ಮನುಷ್ಯ, ಒಂದೇ ಕೋಣೆ. ಹದಿನೆಂಟು ತುಂಬಿದ ಮೇಲೂ ಬಿಟ್ಟಿಲ್ಲ, ಹೆದರಿಸಿ ಕರೆಸಿಕೊಳ್ಳುತ್ತಿದ್ದ. ಹದಿನೆಂಟರ ಒಳಗೆ ನಡೆದದ್ದಕ್ಕೆ ಪೋಕ್ಸೊ ಇದೆ, ಈಗ ವಯಸ್ಸು ದಾಟಿದ್ದರೂ ದೂರು ಕೊಡಬಹುದು. ಆಮೇಲಿನದ್ದಕ್ಕೆ? ಮೊದಲಾದರೆ ಹಳೆಯ ದಂಡ ಸಂಹಿತೆ ಐಪಿಸಿಯಲ್ಲಿ 'ಅಸ್ವಾಭಾವಿಕ' ಲೈಂಗಿಕ ಕೃತ್ಯದ 377ನೇ ಸೆಕ್ಷನ್ ಇತ್ತು. 2018ರಲ್ಲಿ ಒಪ್ಪಿಗೆಯ ಸಂಬಂಧವನ್ನು ಸುಪ್ರೀಂ ಕೋರ್ಟ್ ಅದರಿಂದ ಹೊರಗಿಟ್ಟ ಮೇಲೂ, ಒಪ್ಪಿಗೆ ಇಲ್ಲದ ಕೃತ್ಯಕ್ಕೆ ಆ ಸೆಕ್ಷನ್ ಉಳಿದಿತ್ತು. 2024ರ ಜುಲೈ 1ರಂದು ಐಪಿಸಿಯ ಜಾಗಕ್ಕೆ ಬಿಎನ್‌ಎಸ್ ಬಂತು, ಅದರಲ್ಲಿ 377ರ ಜಾಗದಲ್ಲಿ ಏನೂ ಇಲ್ಲ. ಅತ್ಯಾಚಾರದ ಸೆಕ್ಷನ್ನಿನಲ್ಲಿ ಸಂತ್ರಸ್ತೆ ಹೆಣ್ಣು ಮಾತ್ರ. ಇವನ ದಾಖಲೆಯಲ್ಲೂ ಹುಟ್ಟಿದ ದಿನ ಜೂನ್ 1. ಹಾಗಾಗಿ ಇವನ ಜೀವನದಲ್ಲಿ ಒಂದು ಮೇ 31ರ ತನಕ ದೊಡ್ಡ ಅಪರಾಧ, ಜೂನ್ 1ರಿಂದ ಬರೀ ಹಲ್ಲೆ, ಬೆದರಿಕೆ, ಕೂಡಿಹಾಕಿದ್ದು. ಬಿಎನ್‌ಎಸ್‌ನ 115, 351, 127. ಅದೂ ಮಾಸ್ತರು ಅಂದಾಜಿಗೆ ಬರೆದ ಜೂನ್ 1.

ಬೆಂಬಲ ವ್ಯಕ್ತಿಯ ನೇಮಕವೂ ಮಕ್ಕಳಿಗೆ ಮಾತ್ರ. ಇವನ ಜೊತೆ ನಾನು ಹೋಗುವುದಾದರೆ ಪರಿಚಯದ ಮನುಷ್ಯನಾಗಿ ಹೋಗಬೇಕು. ಹೋಗುತ್ತಿದ್ದೇನೆ. ಮನಸ್ಸಿನ ಡಾಕ್ಟರಿಗೆ ತೋರಿಸಿಯಾಯಿತು, ಚಿಕಿತ್ಸೆ ಶುರುವಾಗಿದೆ. ಸ್ಟೇಷನ್ನಿನಲ್ಲಿ ದೂರು ತೆಗೆದುಕೊಳ್ಳದೆ, 'ದೊಡ್ಡವನಿದ್ದಿ, ನೀನೇ ನೋಡ್ಕೋ' ಅಂದರು. ಹಾಗೆ ಅಂದರೆ ಬಿಎನ್‌ಎಸ್‌ಎಸ್‌ನ 173(4)ರ ಪ್ರಕಾರ ಎಸ್‌ಪಿಗೆ ಲಿಖಿತವಾಗಿ ಕೊಡಬಹುದು. ನಿನ್ನೆ ಸಂಜೆ ಕೂತು ಬರೆದಿದ್ದೇವೆ, ಅವನ ಮಾತಿನಲ್ಲೇ, ಒಂದು ಕಡೆಯೂ 'ಸದರಿ' ಇಲ್ಲ. ಹತ್ತನೇ ಕ್ಲಾಸಿನ ಸರ್ಟಿಫಿಕೇಟಿನ ಝೆರಾಕ್ಸು ಲಗತ್ತಿಸಿದ್ದೇವೆ. ಸೋಮವಾರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು.